ಕಾರಣ ಸಹಿತ ಬರೆಯಿರಿ

ಸಂಜೆ ತರಗತಿಯ ಇಂಗ್ಲಿಷ್ ಮೇಷ್ಟರದ್ದು ಒಂದೇ ಕಟ್ಟಳೆ: ವಾಕ್ಯ ಮನೆಯದ್ದಾಗಿರಬೇಕು, ನಿಜವಾಗಿರಬೇಕು, ಕಾರಣ ಇರಬೇಕು. ಈ ವಾರದ ಪದ ‘ಟೆರಿಫೈಡ್’. ಜೀವ ಬಾಯಿಗೆ ಬರುವಂಥ ಭಯಕ್ಕೆ ಮಾತ್ರ ಬಳಸಿ ಎಂದಿದ್ದರು.

ಲಿಫ್ಟ್ ಮೆಕ್ಯಾನಿಕ್ ಊಟದ ಮೇಜಿನ ಮೇಲೆ ನೋಟ್‌ಬುಕ್ ಹರಡಿಕೊಂಡಿದ್ದ. ಬೆಕ್ಕಿಗೆ ಮಿಕ್ಸಿಯೆಂದರೆ ಟೆರಿಫೈಡ್, ಕಾರಣ, ಸದ್ದು. ಭಾವನಿಗೆ ಹಲ್ಲಿನ ಡಾಕ್ಟರೆಂದರೆ ಟೆರಿಫೈಡ್, ಕಾರಣ, ಸೂಜಿ. ಎದುರಿಗೆ ಹೆಂಡತಿ ಮಂಡಿಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದಳು.

“ನನ್ನ ಬಗ್ಗೆ ಏನ್ರೀ ಬರೆದ್ರಿ?”

“ಮೈ ವೈಫ್ ಈಸ್ ಟೆರಿಫೈಡ್ ಆಫ್ ಲಿಫ್ಟ್ಸ್.”

ಅರ್ಥ ಕೇಳಿ ನಕ್ಕಳು. “ಬರೀರಿ, ಬರೀರಿ. ಲಿಫ್ಟ್ ರಿಪೇರಿಯವನ ಹೆಂಡ್ತಿ ಐದು ಮಹಡಿ ಹತ್ತಿಳೀತಾಳೆ ಅಂತ ಎಲ್ಲರೂ ಆಡ್ಕೊಂಡಾಯ್ತು, ನಿಮ್ಮ ಮೇಷ್ಟರೊಬ್ಬರು ಬಾಕಿ. ಕಾರಣ?”

ಪೆನ್ನು ನಿಂತಿತು.

ಮದುವೆಯಾದ ಹೊಸತು. ತನ್ನ ಕೈಚಳಕ ತೋರಿಸುವ ಹುಮ್ಮಸ್ಸಿನಲ್ಲಿ, ಅವಳು ಲಿಫ್ಟ್ ಹತ್ತಿದ್ದನ್ನು ನೋಡಿ, ಮೇಲಿನ ಯಂತ್ರದ ಕೋಣೆಯಲ್ಲಿ ಮೇನ್ ಸ್ವಿಚ್ ಇಳಿಸಿದ್ದ. ಎರಡು ನಿಮಿಷದ ತಮಾಷೆ. ಅಷ್ಟರಲ್ಲಿ ಪಕ್ಕದ ಕಟ್ಟಡದಿಂದ ತುರ್ತು ಕರೆ ಬಂತು, ಓಡಿದ. ನೆನಪಾಗಿ ಮರಳಿದಾಗ ನಲವತ್ತು ನಿಮಿಷ ಕಳೆದಿತ್ತು. ಕರೆಂಟ್ ಹೋಗಿತ್ತು ಎಂದ. ಹನ್ನೆರಡು ವರ್ಷದಿಂದ ಅದನ್ನೇ ಹೇಳುತ್ತಿದ್ದ.

ಮೊನ್ನೆ ಅವಳ ಮಂಡಿ ನೋಡಿದ ಡಾಕ್ಟರು ಮೆಟ್ಟಿಲು ಹತ್ತಿಳಿಯಕೂಡದು ಎಂದಿದ್ದರು. ಕೆಳಗಿನ ಟೈಲರ್ ಅಂಗಡಿಯ ಕೆಲಸ ಬಿಟ್ಟು ಮನೆಯಲ್ಲೇ ಇರುವುದೆಂದು ಅವಳು ತೀರ್ಮಾನಿಸಿದ್ದಳು.

“ಕರೆಂಟ್ ಹೋಗಿತ್ತಲ್ಲ, ಅದನ್ನೇ ಬರೀರಿ,” ಎಂದಳು. “ಅದಕ್ಕೂ ಇಂಗ್ಲಿಷ್ ಬರಲ್ವಾ?”

“ಕರೆಂಟ್ ಹೋಗಿರಲಿಲ್ಲ ಕಣೇ. ಸ್ವಿಚ್ ನಾನೇ ಆಫ್ ಮಾಡಿದ್ದು. ತಮಾಷೆಗೆ. ಆಮೇಲೆ ಮರೆತೆ.”

ಅವಳು ಬಿಸಿನೀರಿನ ಚೀಲವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

“ಬಾಗಿಲು ತೆಗೆದಾಗ ನಿಮ್ಮನ್ನ ತಬ್ಬಿಕೊಂಡು ಏನಂದೆ, ನೆನಪಿದೆಯಾ?”

ನೆನಪಿತ್ತು. ನೀವಿಲ್ಲದಿದ್ರೆ ಸತ್ತೇ ಹೋಗ್ತಿದ್ದೆ ಅಂದಿದ್ದಳು.

“ಆಗಲೂ ಸುಮ್ಮನಿದ್ರಲ್ಲ. ಹನ್ನೆರಡು ವರ್ಷ ನಾನು ಪುಕ್ಕಲಿ ಅಂತ ನಿಮ್ಮಮ್ಮನಿಂದ ಹಿಡಿದು ಎಲ್ಲರೂ ನಗ್ತಿದ್ರು. ನೀವೂ ನಕ್ಕಿರಿ.”

ಅವನು ನೋಟ್‌ಬುಕ್ ಮುಚ್ಚಿದ.

ಅವಳು ಎದ್ದು ಚಪ್ಪಲಿ ಮೆಟ್ಟಿದಳು. “ಅಂಗಡಿಗೆ ಹೋಗಿ ಹೇಳಿ ಬರ್ತೀನಿ, ನಾಳೆಯಿಂದ ಬರಲ್ಲ ಅಂತ.”

“ಲಿಫ್ಟಲ್ಲಿ ನಾನೂ ಜೊತೆಗೆ ಬರ್ತೀನಿ. ಕೈ ಹಿಡ್ಕೋ.”

“ನಿಮ್ಮ ಜೊತೆಗಾ?” ಎಂದಳು, ಅಷ್ಟೇ.

ತೊಂಬತ್ತು ಮೆಟ್ಟಿಲು. ಅವಳು ಕಂಬಿ ಹಿಡಿದು, ಒಂದೊಂದಕ್ಕೂ ಎರಡೂ ಪಾದ ಊರಿ ಇಳಿದಳು. ಅವನು ಎರಡು ಮೆಟ್ಟಿಲು ಹಿಂದೆ, ಚಾಚಿದ ಕೈಯನ್ನು ಮಡಿಸದೆ ಇಳಿದ. ಅವಳು ಅದನ್ನು ಹಿಡಿಯಲಿಲ್ಲ.