ಕಲ್ಲಬಾವಿ ಕ್ರಾಸಿನಲ್ಲಿ ಇಬ್ಬರೇ ಹತ್ತಿದರು

ಮುಂಡರಗಿಯಿಂದ ಗದಗಕ್ಕೆ ಹೋಗುವ ಬೆಳಗಿನ ಆರೂವರೆಯ ಬಸ್ಸು ಕಲ್ಲಬಾವಿ ಕ್ರಾಸಿನಲ್ಲಿ ನಿಲ್ಲುವುದನ್ನು ಬಿಟ್ಟಿತು. ಕೈ ಮಾಡಿದರೂ ಹೋಗಿಬಿಡುತ್ತಿತ್ತು. ಮುಂದಿನ ಬಸ್ಸು ಹತ್ತಕ್ಕೆ.

ಸಕ್ರಪ್ಪನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ, ಎಂಟು ಗಂಟೆಗೆ, ಗದಗದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು. ಹತ್ತರ ಬಸ್ಸಿಗೆ ಹೋದರೆ ಅವನ ಪಾಳಿ ಬೇರೆಯವರಿಗೆ ಹೋಗಿರುತ್ತಿತ್ತು. ಒಂದು ಸಲ ಹಾಲಿನ ಗಾಡಿ ಸಿಕ್ಕಿತು. ಆಮೇಲೆ ಎರಡು ಸಲ ಏನೂ ಸಿಗಲಿಲ್ಲ. ಅವನ ಕಾಲು ಬಾತವು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕುಳಿತೇ ಇರುತ್ತಿದ್ದ.

ಆ ಬಸ್ಸಿನ ಕಂಡಕ್ಟರ್ ನಾಗರತ್ನಾ ಇದೇ ಊರಿನ ಸೊಸೆ. ರಜೆಯ ದಿನ ಅವನನ್ನು ನೋಡಲು ಬಂದಾಗ ಸಕ್ರಪ್ಪನ ಹೆಂಡತಿ ಹುಚ್ಚವ್ವ ಅವಳಿಗೆ ಕುಂಡ್ರು ಅನ್ನಲಿಲ್ಲ.

"ಬಸ್ ನಿಲ್ಲಸಾಕ ನಿನಗೇನು ರೋಗ ಬಂದೈತಿ?"

"ನನ್ನ ಕೈಯಾಗಿಲ್ಲ ಚಿಗವ್ವ. ಯಾವ ಬಸ್ ಎಲ್ಲಿ ನಿಲ್ಲಬೇಕಂತ ಈಗ ಕಂಪ್ಯೂಟರ್ ಹೇಳ್ತೈತಿ. ಕೃತಕ ಬುದ್ಧಿಮತ್ತೆ ಅಂತಾರ. ನನ್ನ ಟಿಕೆಟ್ ಮಷಿನ್ ಅದಕ್ಕ ಜೋಡಿಸ್ಯಾರ. ಎಲ್ಲಿ ಎಷ್ಟು ಮಂದಿ ಹತ್ತಿದ್ರು ಅಂತ ಟಿಕೆಟ್‌ನಿಂದ ಅದಕ್ಕ ತಿಳೀತೈತಿ. ಮುಂದಿನ ಊರಾಗ ಕಾಲೇಜ್ ಹುಡುಗ್ಯಾರು ಜೋತು ಬಿದ್ದು ಬರ್ತಿದ್ರು. ಆ ಲೆಕ್ಕ ನೋಡಿ ಅಲ್ಲಿಗಿ ಹೊಸಾ ಬಸ್ ಬಂತು."

"ಮತ್ತ ನಾವೇನು ದೆವ್ವೇನು? ದಿನಾ ಇಪ್ಪತ್ತು ಹೆಣ್ಮಕ್ಕಳು ಹತ್ತೂದು ಅದಕ್ಕ ಕಾಣಲಿಲ್ಲೇನು?"

"ಎಷ್ಟು ಮಂದಿ ಟಿಕೆಟ್ ತಗೊಂಡೀರಿ?"

ಹೆಂಗಸರಿಗೆ ಪ್ರಯಾಣ ಉಚಿತ. ಆದರೂ ಸೊನ್ನೆ ರೂಪಾಯಿಯ ಟಿಕೆಟ್ ಇರುತ್ತದೆ. ನಾಗರತ್ನಾ ಮಷಿನ್ ಎತ್ತಿದಾಗಲೆಲ್ಲ ಹುಚ್ಚವ್ವ ಮತ್ತು ಊರಿನ ಹೆಂಗಸರು ಬೇಡವೆಂದು ಕೈ ಅಡ್ಡ ಹಿಡಿಯುತ್ತಿದ್ದರು. ಊರಿನ ಸೊಸೆ, ನಿಂತು ನಿಂತು ದಣಿದಿರುತ್ತಾಳೆ. ಪುಕ್ಕಟೆ ಹೋಗುವವರಿಗೆ ಚೀಟಿ ಬೇರೆ ಯಾಕೆ?

"ನಂದೂ ತಪ್ಪೈತಿ," ಎಂದಳು ನಾಗರತ್ನಾ. "ಗದ್ದಲದಾಗ ನಾನೂ ಬಿಟ್ಟೆ."

"ನಮ್ಮ ಕ್ರಾಸಿನ್ಯಾಗ ಎಷ್ಟು ಮಂದಿ ಅಂತ ಅದರ ಲೆಕ್ಕ?"

"ಇಬ್ಬರು. ರೊಕ್ಕ ಕೊಟ್ಟು ಟಿಕೆಟ್ ತಗೊಂಡ ಗಂಡಸರು. ಗದಗಕ್ಕ ಕೆಲಸಕ್ಕ ಹೋಗೂ ಯಲ್ಲೇಶ, ಮತ್ತ ಇಲ್ಲಿ ಕುಂತ ನಮ್ಮ ಕಾಕಾ."

ಸಕ್ರಪ್ಪ ಕಣ್ಣು ತೆರೆದ. "ಹೊಂಟಾವ ಲೆಕ್ಕದಾಗ ಅದೀನಿ. ಬಸ್ಸಿನ್ಯಾಗ ನನ್ನ ಬಾಜೂಕ ಕುಂತ ಹೆಂಡ್ತಿ ಇಲ್ಲ," ಎಂದು ನಗಲು ಹೋಗಿ ಕೆಮ್ಮಿದ.

ಮರುದಿನ ಹದಿನೇಳು ಹೆಂಗಸರು ಡಿಪೋಗೆ ಅರ್ಜಿ ಕೊಟ್ಟರು. ಸೋಮವಾರದಿಂದ ಹದಿನೈದು ದಿನ ಬಸ್ಸು ನಿಲ್ಲಿಸಿ ನೋಡೋಣ, ಟಿಕೆಟ್ ಆದರೆ ಮುಂದುವರಿಸುತ್ತೇವೆ ಎಂದರು ಅಧಿಕಾರಿ. ಶನಿವಾರ ಬೆಳಿಗ್ಗೆ ಸಕ್ರಪ್ಪ ತೀರಿಕೊಂಡ.

ದಿನಕರ್ಮ ಮುಗಿದ ಮೇಲೆ, ಆಸ್ಪತ್ರೆಯಿಂದ ಗಂಡನ ಕಾಗದಪತ್ರ ತರಲು ಹುಚ್ಚವ್ವ ಅದೇ ಬಸ್ಸು ಹತ್ತಿದಳು. ಪಕ್ಕದಲ್ಲಿ ನೆರೆಮನೆಯ ಮುದುಕವ್ವ ಕುಳಿತಳು. ನಾಗರತ್ನಾ ಮಷಿನ್ ಎತ್ತಿದಾಗ ಮುದುಕವ್ವ ಕೈ ಅಡ್ಡ ಹಿಡಿದಳು.

"ನನಗ್ಯಾಕವ್ವ ಚೀಟಿ? ಎಲ್ಲಿ ಇಟ್ಕೊಳ್ಳಲಿ ಅದನ್ನ."

ಹುಚ್ಚವ್ವ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

"ತಗೋ ಬೇ. ನಿನ್ನ ಮೊಮ್ಮಗಳು ಈಗ ಎಂಟು ತಿಂಗಳ ಬಸುರಿ. ಆಕಿ ದವಾಖಾನಿಗಿ ಹೋಗಬೇಕಂದ್ರ ಈ ಬಸ್ ನಿಲ್ಲಬೇಕು."

ಮುದುಕವ್ವ ಟಿಕೆಟ್ ತೆಗೆದುಕೊಂಡಳು.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಟಿಕೆಟ್ ಬೇಡವೆನ್ನಬೇಡಿ. ಉಚಿತವಾದರೂ ಕೇಳಿ ಪಡೆಯಿರಿ. ನೀವು ಹತ್ತಿದ ಊರಿನ ಹೆಸರೇ ಅದರಲ್ಲಿದೆಯೇ ಎಂದು ಓದಿಸಿ ನೋಡಿ. ನಿಮ್ಮ ಊರಿನಲ್ಲಿ ಬಸ್ಸು ನಿಲ್ಲುವುದನ್ನು ಬಿಟ್ಟರೆ ಎಲ್ಲರೂ ಸೇರಿ ಆ ವಾರವೇ ಡಿಪೋಗೆ ಬರೆದುಕೊಡಿ. ಕಲ್ಲಬಾವಿಯಲ್ಲಿ ಈಗ ಬಸ್ಸು ದಿನವೂ ನಿಲ್ಲುತ್ತದೆ. ಸಕ್ರಪ್ಪನಿಗೆ ಅದು ಎರಡು ದಿನ ತಡವಾಗಿ ಬಂತು.