ಹಳದಿ ಬಳಿದ ತಗಡು

ನಾನು ಈಗಲೂ ಡಬ್ಬಿಯೇ ಹೌದೋ, ಅಲ್ಲವೋ? ಒಳಗೆ ಏನನ್ನಾದರೂ ಇಟ್ಟುಕೊಳ್ಳುವುದು ಡಬ್ಬಿಯ ಗುಣ. ನನ್ನನ್ನು ಕತ್ತರಿಸಿ ಬಿಡಿಸಿದ ಮೇಲೆ ನನಗೆ ಒಳಗೆಂಬುದೇ ಉಳಿಯಲಿಲ್ಲ. ಆದರೂ ಕಂಡದ್ದನ್ನು ಇಟ್ಟುಕೊಂಡೇ ಇದ್ದೇನೆ. ಹಾಗಾಗಿ ಡಬ್ಬಿಯೇ ಇರಬೇಕು.

ನಾನು ಹುಟ್ಟಿದ್ದು ಕಾರ್ಖಾನೆಯಲ್ಲಿ. ಹಾಳೆಯಂತಿದ್ದ ತಗಡನ್ನು ಮಡಚಿ, ಬೆಸೆದು, ಕೊಬ್ಬರಿ ಎಣ್ಣೆ ತುಂಬಿದರು. ಪೇಟೆಯ ಅಂಗಡಿಯಿಂದ ನನ್ನನ್ನು ಹೊತ್ತು ತಂದವರು ಹೆರಿಯಣ್ಣ. ಕಡಲ ದಂಡೆಯ ಹೊಸಹಿತ್ಲಿನಲ್ಲಿ ಹಬ್ಬದ ತೋಪನ್ನು ನೋಡಿಕೊಳ್ಳುವುದು ಅವರ ಮನೆಯ ಕೆಲಸ.

ಮಳೆಗಾಲಕ್ಕೆ ಮುಂಚೆ ದೋಣಿಗಳನ್ನು ಮೇಲೆ ಎಳೆದು ಕಟ್ಟಿದ ದಿನ ಅಲ್ಲಿ ಹಬ್ಬ. ಪೂಜೆ, ಊಟ, ಹಾಡು ಎಲ್ಲ ತೆಂಗಿನ ನೆರಳಿನಲ್ಲೇ. ಅಲ್ಲೊಂದು ಪದ್ಧತಿಯಿತ್ತು. ಆ ವರ್ಷ ಊರಿಗೆ ಬಂದ ಹೊಸ ಸೊಸೆಯ ತವರಿನಿಂದ ಹಸಿ ಮಡಲು, ಅಂದರೆ ತೆಂಗಿನ ಗರಿ, ಬರಬೇಕು. ಅದನ್ನು ಹೆಣೆದು ಚಪ್ಪರದ ಮುಂದೆ ಕಟ್ಟಿದ ಮೇಲೆಯೇ ಒಲೆ ಹೊತ್ತಿಸುವುದು.

ನಾನು ಬಂದ ವರ್ಷದ ಹೊಸ ಸೊಸೆ ಹೆರಿಯಣ್ಣನ ಮಗನ ಹೆಂಡತಿಯೇ, ಜಲಜ. ಅವಳ ತವರಿನಿಂದ ಬಂದ ಮಡಲನ್ನು ಹೆರಿಯಣ್ಣ ತಾವೇ ಕಟ್ಟಿದರು. ನಾನು ಅದರ ಕೆಳಗೇ ಕೂತಿದ್ದೆ. ಗರಿಯ ಅಡಿಭಾಗದಲ್ಲಿ ಬಿಳಿಯ ಸುರುಳಿಗಳಿದ್ದವು, ಯಾರೋ ಸುಣ್ಣದಲ್ಲಿ ಬೆರಳಾಡಿಸಿದ ಹಾಗೆ. ಅವರು ಹೆಬ್ಬೆರಳಿನಿಂದ ಒರೆಸಿ ನೋಡಿ, ಪಂಚೆಗೆ ಉಜ್ಜಿಕೊಂಡರು. ಒಲೆ ಹೊತ್ತಿತು. ನನ್ನ ಎಣ್ಣೆ ಅಂದೇ ಮುಗಿಯಿತು.

ಮುಂದಿನ ಬೇಸಿಗೆಗೆ ತೋಪು ಕಪ್ಪಾಯಿತು. ಮೇಲಿನ ಗರಿಗಳ ಅಡಿಯಲ್ಲಿ ಅದೇ ಬಿಳಿ ಸುರುಳಿಗಳು, ಅವುಗಳ ತುಂಬ ಬಿಳಿ ನೊಣ ಮುತ್ತಿತ್ತು. ಅದು ಸುರಿಸಿದ ಅಂಟು ಕೆಳಗಿನ ಗರಿಗಳ ಮೇಲೆ ಬಿದ್ದು ಮಸಿ ಹಿಡಿದಿತ್ತು. ಬೇರೆ ದೇಶದಿಂದ ಬಂದ ನೊಣವಂತೆ. ಊರವರು ತೋಪಿನಲ್ಲಿ ಸೇರಿದರು.

"ಮರ ಕಡ್ದ್ ಶೀಟ್ ಹಾಕುವ," ಎಂದ ದೋಣಿಯ ಶೀನ. "ಊಟಕ್ಕೆ ಕೂತ್ರೆ ಬಾಳೆಲೆ ಮೇಲೆ ಇದೇ ಬೀಳತ್ತ್. ಇದನ್ನ ಊರಿಗೆ ತಂದವ್ರ್ ಯಾರ್ ಅಂತ ಮೊದ್ಲ್ ಕಾಣ್ಕ್."

"ನಿನ್ನ ತಲೆ ಮೇಲೂ ಬಿದ್ದಿತ್ತ್ ಕಾಣ್," ಎಂದರು ಹೆರಿಯಣ್ಣ. "ಅದನ್ನೂ ಕಡಿವನಾ?"

ಎಲ್ಲರೂ ನಕ್ಕರು. ಹೆರಿಯಣ್ಣ ನಗಲಿಲ್ಲ. ಮಡಲಿನ ಮಾತು ಹೊರಬಿದ್ದರೆ ಅದು ಜಲಜಳ ತಲೆಗೇ ಬರುತ್ತದೆಂದು ಅವರಿಗೆ ಗೊತ್ತಿತ್ತು. ಕಾಲಿಟ್ಟ ವರ್ಷವೇ ತೋಪು ಒಣಗಿಸಿದವಳು ಎಂದು ಒಮ್ಮೆ ಅಂದರೆ, ಆ ಮಾತು ಅವಳ ಮಕ್ಕಳ ಕಾಲಕ್ಕೂ ಹೋಗದು. ಅವರು ಒಂದು ಬೇಸಿಗೆಯ ಅವಕಾಶ ಕೇಳಿದರು. ಅಷ್ಟರಲ್ಲಿ ಹಸಿರು ಬರದಿದ್ದರೆ ಮರಕ್ಕೆ ಕೊಡಲಿ.

ತೋಟಗಾರಿಕೆ ಇಲಾಖೆಯ ಮೇಡಂ ಬಂದು ನೋಡಿ, ವಿಷ ಹೊಡೆಯಬೇಡಿ ಎಂದರು. ಈ ನೊಣದ ಮರಿಗಳನ್ನು ಕೊಲ್ಲುವ ಸಣ್ಣ ಕಣಜವೊಂದಿದೆ, ವಿಷಕ್ಕೆ ಮೊದಲು ಸಾಯುವುದು ಅದು. ನೀರು ಹಾರಿಸಿ ಗರಿ ತೊಳೆಯಿರಿ, ಮಸಿಗೆ ಗಂಜಿತಿಳಿ ಸಿಂಪಡಿಸಿ, ಹಳದಿ ತಗಡಿಗೆ ಎಣ್ಣೆ ಬಳಿದು ತೂಗುಹಾಕಿ. ಕೊನೆಗೆ ಕೇಳಿದರು: "ಹೊರಗಿನಿಂದ ಹಸಿ ಗರಿ ಏನಾದರೂ ತಂದಿದ್ರಾ?"

ಹೆರಿಯಣ್ಣ ಮರದ ತುದಿ ನೋಡುತ್ತಾ ನಿಂತರು. "ಇನ್ನ್ ಮೇಲೆ ತರುದಿಲ್ಲ," ಎಂದರು.

ನನ್ನನ್ನು ಕತ್ತರಿಸಿದ್ದು ಆಗಲೇ. ನೋವಾಯಿತೆಂದರೆ ಸುಳ್ಳಾದೀತು, ಮೊದಲು ನಾನು ಹಾಳೆಯೇ ಅಲ್ಲವೇ? ಹಳದಿ ಬಣ್ಣ ಹಚ್ಚಿದವಳು ಜಲಜ. ಹರಳೆಣ್ಣೆ ಬಳಿದು, ನೊಣ ತುಂಬಿದಾಗ ಒರೆಸಿ, ಮತ್ತೆ ಬಳಿಯುವವಳೂ ಅವಳೇ. ಮನೆಮನೆಯ ಗಂಜಿತಿಳಿ ಕೂಡಿಸಿ ಅವಳು ತಂದರೆ, ಹೆರಿಯಣ್ಣ ಪಂಪು ಹಿಡಿದು ಸಿಂಪಡಿಸುತ್ತಿದ್ದರು.

"ಮಾವ, ಮರಕ್ಕೆ ಗಂಜಿ ಆಯ್ತ್, ಉಪ್ಪಿನಕಾಯಿ ಬ್ಯಾಡ್ದಾ?"

"ನೀ ಸುಮ್ನಿರ್ ಮಾರಾಯ್ತಿ. ಶೀನ ಕೇಂಡ್ರೆ ಅದನ್ನೂ ತತ್ತ."

ಒಣಗಿದ ಮಸಿ ಪದರವಾಗಿ ಉದುರತೊಡಗಿತು. ಮೇಡಂ ಹೇಳಿದ ಕಣಜ ನನ್ನ ಕಣ್ಣಿಗೆ ಬೀಳಲಿಲ್ಲ. ಆದರೆ ನನ್ನ ಮೈಗೆ ಅಂಟುವ ನೊಣ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಹಬ್ಬದ ಹೊತ್ತಿಗೆ ಹೊಸ ಗರಿ ಹಸಿರಾಗಿಯೇ ಬಿಚ್ಚಿಕೊಂಡಿತು. ಕೊಡಲಿಯ ಮಾತು ಯಾರೂ ಎತ್ತಲಿಲ್ಲ. ಹೊಸ ಸೊಸೆಯ ತವರಿನಿಂದ ಮಡಲಿನ ಬದಲು ಅಕ್ಕಿ ಬರಲಿ ಎಂದು ಹೆರಿಯಣ್ಣ ಹೇಳಿದಾಗ, ಊಟಕ್ಕೆ ಒಳ್ಳೆಯದೇ ಆಯಿತೆಂದು ಶೀನನೇ ಮೊದಲು ಒಪ್ಪಿದ.

ಉಪ್ಪುಗಾಳಿಗೆ ನನ್ನ ಬಣ್ಣ ಹೋಯಿತು, ಅಂಚು ತುಕ್ಕು ಹಿಡಿಯಿತು. ಈಗ ನಾನು ಜಲಜಳ ಕೋಳಿಗೂಡಿನ ಸಂದಿಗೆ ಮುಚ್ಚಿದ ತಗಡು. ಒಳಗೆ ಬೆಚ್ಚಗೆ ಕೋಳಿಗಳು, ಹೊರಗೆ ಅಲೆಯ ಸದ್ದು. ತೃಪ್ತಿಯಿದೆ. ಮಾತು ಬಾರದಿರುವುದು ಕೊರತೆಯೆಂದು ಬಹಳ ಕಾಲ ತಿಳಿದಿದ್ದೆ. ಬರುತ್ತಿದ್ದರೂ ಆಡದವರನ್ನು ಹತ್ತಿರದಿಂದ ಕಂಡ ಮೇಲೆ ಹಾಗೆ ಅನ್ನಿಸುವುದಿಲ್ಲ.

ಮೊನ್ನೆ ಹೆರಿಯಣ್ಣ ಗೂಡಿನ ಪಕ್ಕ ಕೂತು ಬಲೆ ಹೊಲಿಯುತ್ತಿದ್ದರು. ಜಲಜ ತವರಿಗೆ ಹೋಗಿ ಬಂದವಳು, ಮುಖ ಸಣ್ಣದು ಮಾಡಿಕೊಂಡು ಹತ್ತಿರ ನಿಂತಳು.

"ಮಾವ, ಅಪ್ಪಯ್ಯನ ತೋಟದಲ್ಲೂ ಬಿಳಿ ನೊಣ. ನಾ ಹೋಯಿ ಬಂದ್ ಮಾಡ್ವಾಗ ಇಲ್ಲಿಂದ್ಲೇ ಸೀರೆಗೆ ಅಂಟ್ಕಂಡ್ ಹೋಯ್ತಾ ಏನೋ. ಬೇಜಾರಾತ್ತ್."

ಹೆರಿಯಣ್ಣ ದಾರ ಕಚ್ಚಿ ತುಂಡರಿಸಿದರು. "ನಾಳೆ ಒಂದ್ ಹಳ್ದಿ ತಗ್ಡ್ ಮಾಡಿ ಅಲ್ಲಿಗೂ ಕೊಡುವ," ಎಂದರು.

ನೊಣ ಅವಳ ತವರಿನಿಂದಲೇ ಬಂದದ್ದೆಂದು ಅವರು ಹೇಳಲಿಲ್ಲ.