ಎಡವಟ್ಟಿನ ರೈಫಲ್

ಗುಂಡೇನೋ ಸರಿಯಾಗಿಯೇ ಹಾರಿತು. ಅದರ ಬೆನ್ನಿಗೇ ಪರದೆಯ ತುಂಬ ಒಂದು ದಪ್ಪ ಮೊಣಕೈ ಬಂದು ಕೂತಿತು.

“ಇದೇನಮ್ಮ ತಾಯಿ?” ಎಂದ ತಿಗಣೆ. “ಶತ್ರು ಎಲ್ಲಿ ಹೋದ? ನನ್ನ ಕಂಕುಳು ಬಿಟ್ರೆ ನನಗಿನ್ನೇನೂ ಕಾಣ್ತಿಲ್ವಲ್ಲ!”

ಹೊಸ ಆಟಗಳನ್ನು ಆಡಿ ಆಡಿ ಅವುಗಳಲ್ಲಿನ ತಪ್ಪು ಹುಡುಕುವುದೇ ಅವನ ಉದ್ಯೋಗ. ಆ ತಪ್ಪುಗಳಿಗೆ ಕಚೇರಿಯಲ್ಲಿ ಬಗ್, ಅಂದರೆ ಹುಳ, ಎನ್ನುತ್ತಿದ್ದರು. ಹತ್ತು ವರ್ಷ ಹುಳ ಹೆಕ್ಕಿದವನಿಗೆ ಕಡೆಗೆ ಹುಳದ ಹೆಸರೇ ಅಂಟಿಕೊಂಡಿತ್ತು.

ಅವನ ಕುರ್ಚಿಯ ಹಿಂದೆ ನಿಂತಿದ್ದವಳನ್ನು ಎಲ್ಲರೂ ಪೀಪಾಯಿ ಅಕ್ಕ ಎನ್ನುತ್ತಿದ್ದರು. ಚಂದ್ರಲೋಕದಲ್ಲಿ ನಡೆಯುವ ಆ ಯುದ್ಧದ ಆಟದಲ್ಲಿ ಆಟಗಾರರು ಹೊಡೆದು ಪುಡಿ ಮಾಡುವ ಪ್ರತಿ ಪೀಪಾಯಿ, ಪ್ರತಿ ಪೆಟ್ಟಿಗೆ ಅವಳು ಕಂಪ್ಯೂಟರಿನ ಮುಂದೆ ಕೂತು ಮಾಡಿದ್ದು. ಎರಡು ವರ್ಷ ಅದೇ ಕೆಲಸ. ಪೀಪಾಯಿಯ ತುಕ್ಕನ್ನು ಕೂಡ ಎಷ್ಟು ಮುತುವರ್ಜಿಯಿಂದ ಬಿಡಿಸುತ್ತಿದ್ದಳೆಂದರೆ, ಪಾಪ, ಒಬ್ಬನಾದರೂ ನಿಂತು ನೋಡಬೇಕಿತ್ತು. ಒಡೆಯುವ ಸಾಮಾನನ್ನು ನಿಂತು ನೋಡುವ ಪುರುಸೊತ್ತು ಯಾರಿಗಿದೆ? ಅಂಗಲಾಚಿ ಅಂಗಲಾಚಿ ಮೂರು ತಿಂಗಳ ಮಟ್ಟಿಗೆ ಆಯುಧ ವಿಭಾಗಕ್ಕೆ ಬಂದಿದ್ದಳು. ಅಲ್ಲಿಯ ಮುಖ್ಯಸ್ಥರು ಕನ್ನಡಕದ ಮೇಲಿನಿಂದ ನೋಡುವ ರೀತಿಗೆ ಎಲ್ಲರೂ ಬೆನ್ನ ಹಿಂದೆ ಅವರನ್ನು ಹೆಡ್‌ಮಾಸ್ತರು ಎನ್ನುತ್ತಿದ್ದರು. ಅವಳು ಮಾಡಿದ ಎರಡು ಬಂದೂಕುಗಳಿಗೂ ಅವರದು ಒಂದೇ ತೀರ್ಪು: “ಚೆನ್ನಾಗಿದೆ. ಆದ್ರೆ ಇಂಥವು ನಮ್ಮ ಹತ್ರ ಆರಿವೆ.”

ಇದು ಮೂರನೆಯದು. ದೂರದಿಂದ ಒಂದೊಂದೇ ಗುಂಡು ಹೊಡೆಯುವ ಗುರಿಕಾರನ ರೈಫಲ್. ಪ್ರತಿ ಗುಂಡಿನ ನಂತರ ಪಕ್ಕದ ಹಿಡಿಯನ್ನು ಎಳೆದರೆ ಉರಿದು ಮುಗಿದ ಬ್ಯಾಟರಿ ಹೊರಗೆ ಹಾರಬೇಕು. ಇವತ್ತು ನಾಲ್ಕು ಗಂಟೆಗೆ ಒಪ್ಪಿಗೆ ಸಿಗದಿದ್ದರೆ ಸೋಮವಾರದಿಂದ ಮತ್ತೆ ಪೀಪಾಯಿ.

ತಿಗಣೆ ಪರದೆಗೆ ಮೂಗು ತಾಗಿಸಿ ನೋಡಿದ. “ಹಿಡಿ ಎಡಗಡೆ ಇಟ್ಟಿದ್ದೀರಲ್ರೀ! ಬಲಗೈ ಟ್ರಿಗರ್ ಬಿಟ್ಟು, ದುರ್ಬೀನಿನ ಮೇಲೆ ಹತ್ತಿ, ಆ ಕಡೆ ಇಳಿದು ಎಳೀತಿದೆ. ನೀವು ಎಡಚಿನಾ?”

ಅವಳ ಮುಖ ಬಿಸಿಯಾಯಿತು. ವಾರವಿಡೀ ಆ ರೈಫಲನ್ನು ತಿರುಗಿಸಿ ತಿರುಗಿಸಿ ನೋಡಿದ್ದಳು. ಎಲ್ಲೂ ಏನೂ ತಪ್ಪೆನಿಸಿರಲಿಲ್ಲ. ಅವಳ ಕೈಗೆ ಎಲ್ಲಿ ಬೇಕೋ ಹಿಡಿ ಅಲ್ಲೇ ಇತ್ತು. ಪರದೆಯ ಮೇಲೆ ಹಿಡಿ ಎಳೆಯುವ ಕೈಗಳನ್ನು ಮಾತ್ರ ಬಲಗೈಯವರಿಗೆಂದು ಮಾಡಿದ್ದ ಹಳೆಯ ಆರು ಬಂದೂಕುಗಳಿಂದ ಎತ್ತಿ ತಂದು ಜೋಡಿಸಿದ್ದಳು.

ತಪ್ಪಿನ ಪಟ್ಟಿಯಲ್ಲಿ ತಿಗಣೆ ‘ಎಡವಟ್ಟು’ ಎಂದು ಟೈಪಿಸಿದ. ಪದದಲ್ಲೇ ಎಡ ಇರುವುದು ಕಣ್ಣಿಗೆ ಬಿದ್ದು ತಾನೇ ಬಿದ್ದು ಬಿದ್ದು ನಕ್ಕ. ಅರ್ಧ ಗಂಟೆಯೊಳಗೆ ರೈಫಲ್‌ಗೆ ಅದೇ ಹೆಸರಾಯಿತು.

“ಬೇಜಾರು ಮಾಡ್ಕೋಬೇಡಿ,” ಎಂದ ಆಮೇಲೆ. “ಕನ್ನಡೀಲಿ ಕಂಡ ಹಾಗೆ ತಿರುವಿ ಹಾಕಿ. ಒಂದು ನಿಮಿಷದ ಕೆಲಸ.”

ತಿರುವಿ ಹಾಕಿದಳು. ಹಿಡಿ ಬಲಕ್ಕೆ ಬಂತು, ಮೊಣಕೈ ಮಾಯವಾಯಿತು, ಎಲ್ಲವೂ ಅಚ್ಚುಕಟ್ಟಾಯಿತು. ಹಾಗೆಯೇ ಉಳಿದ ಆರರ ಜೊತೆಗೆ ಏಳನೆಯದೂ ಆಯಿತು. ನಾಲ್ಕು ಗಂಟೆಗೆ ಹೆಡ್‌ಮಾಸ್ತರು ಹೇಳುವ ಮಾತು ಅವಳಿಗೆ ಈಗಲೇ ಬಾಯಿಪಾಠವಿತ್ತು. ಅಳು ಬರುವಂತಾಗಿ ಎದ್ದು ಹೊರಗೆ ಹೋದಳು.

ಮೆಟ್ಟಿಲ ಬಳಿ ಯಾರದೋ ಕೊಡೆ ಗೋಡೆಗೆ ಒರಗಿತ್ತು. ಎತ್ತಿಕೊಂಡು ಭುಜಕ್ಕೆ ಇಟ್ಟಳು, ಎಡಭುಜಕ್ಕೆ. ಛೆ ಎಂದುಕೊಂಡು ಬಲಕ್ಕೆ ಬದಲಿಸಿದಳು. ಶಾಲೆಯಲ್ಲಿ ಗೆಣ್ಣಿಗೆ ಏಟು ತಿಂದು ತಿಂದು ಬಲಗೈಯಲ್ಲಿ ಬರೆಯಲು ಕಲಿತವಳು, ಆ ಕೈಯೂ ತೀರಾ ದಡ್ಡ ಕೈಯೇನಲ್ಲ. ಕೊಡೆಗಿಲ್ಲದ ಟ್ರಿಗರಿನ ಮೇಲೆ ಬಲಗೈ ಬೆರಳು, ಎಡ ಅಂಗೈ ಕೊಡೆಯ ಕೆಳಗೆ. ಕಾರಿಡಾರಿನ ಕೊನೆಯಲ್ಲಿದ್ದ ಕುಡಿಯುವ ನೀರಿನ ನಲ್ಲಿಗೆ ಒಂಟಿಗಣ್ಣಲ್ಲಿ ಗುರಿಯಿಟ್ಟು “ಢಂ” ಎಂದಳು.

ಕೊಡೆಗೆ ಸುಮ್ಮನೆ ಆಸರೆಯಾಗಿದ್ದ ಎಡಗೈ ತಾನಾಗಿ ಹಿಂದೆ ಸರಿದು ಇಲ್ಲದ ಹಿಡಿಯನ್ನು ಎಳೆಯಿತು. ಬಲಗೈ ಬೆರಳು ಟ್ರಿಗರಿನಿಂದ ಕದಲಲಿಲ್ಲ. ಕಣ್ಣು ನಲ್ಲಿಯಿಂದ ಕೂದಲೆಳೆಯಷ್ಟೂ ಸರಿಯಲಿಲ್ಲ.

“ಹೊಡೀಬೇಡಿ ಅಕ್ಕ, ನೀರು ಕುಡಿಯೋಕೆ ಬಂದೆ ಅಷ್ಟೇ!” ಎಂದು ಲೆಕ್ಕಪತ್ರ ವಿಭಾಗದವನೊಬ್ಬ ಲೋಟದ ಸಮೇತ ಎರಡೂ ಕೈ ಮೇಲೆತ್ತಿದ.

ಅವಳು ಕೊಡೆ ಬಿಸಾಕಿ ಒಳಗೆ ಓಡಿದಳು. ತಿರುವಿದ ರೈಫಲನ್ನು ಮೊದಲಿನಂತೆಯೇ ಮಾಡಿದಳು. ಎರವಲು ತಂದ ಕೈಗಳನ್ನು ಕಿತ್ತೆಸೆದು, ಎಡಗೈ ಎಳೆಯುವಂತೆ, ಬಲಗೈ ಟ್ರಿಗರ್ ಬಿಡದಂತೆ ಹೊಸದಾಗಿ ಆಡಿಸಲು ಕೂತಳು. ಊಟ ನೆನಪಾಗಲಿಲ್ಲ.

“ತಿರುವಿದ್ದನ್ನ ಮತ್ಯಾಕೆ ತಿರುವಿದ್ರಿ?” ಎಂದು ತಿಗಣೆ ಹೌಹಾರಿದ.

“ಬಾಯಿ ಮುಚ್ಕೊಂಡು ನೋಡ್ರೀ.”

ನಾಲ್ಕಕ್ಕೆ ಹೆಡ್‌ಮಾಸ್ತರು ಬಂದು ಕೂತರು. ಮೊದಲ ಗುಂಡು ತಪ್ಪಿತು. ಶತ್ರು ಬಂಡೆಯ ಕಡೆಗೆ ಓಡಿದ. ಎಡಗೈ ಹಿಡಿ ಎಳೆಯಿತು, ಬ್ಯಾಟರಿ ಹಾರಿತು, ಶತ್ರು ಇನ್ನೂ ದುರ್ಬೀನಿನ ನಡುಮಧ್ಯದಲ್ಲೇ ಇದ್ದ. ಎರಡನೆಯದು ತಾಗಿತು. ಅವರು ಇನ್ನೊಮ್ಮೆ ಆಡಿದರು. ಮತ್ತೂ ಒಮ್ಮೆ.

“ಗುರಿ ಕಣ್ಣಿಂದ ಜಾರೋದೇ ಇಲ್ವಲ್ಲ!” ಎಂದರು ಕಡೆಗೆ. ಕನ್ನಡಕದ ಮೇಲಿನಿಂದ ಅವಳತ್ತ ನೋಡಿ, “ಹೀಗೇ ಮಾಡ್ಬೇಕು ಅಂತ ಯೋಚಿಸಿ ಮಾಡಿದ್ರಾ?”

ಹೂಂ ಎಂದುಬಿಟ್ಟರೆ ಆಗುತ್ತಿತ್ತು. ತಿಗಣೆ ಹೂಂ ಅನ್ನಿ ಎಂದು ಹುಬ್ಬಿನಲ್ಲೇ ಹೇಳುತ್ತಿದ್ದ.

“ಇಲ್ಲ ಸರ್. ನಾನು ಎಡಚಿ. ಗೊತ್ತಾಗದೆ ತಪ್ಪು ಮಾಡ್ದೆ. ಯೋಚಿಸಿದ್ದು ಆಮೇಲೆ.”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ಸೋಮವಾರ ಪಿಸ್ತೂಲು ಶುರು ಮಾಡಿ. ಅದಕ್ಕೂ ಹಿಡಿ ಎಲ್ಲಿಡ್ಬೇಕು ಅನ್ನೋದು ನಿಮಗೇ ಬಿಟ್ಟದ್ದು.” ಹೇಳಿದರೇ ಹೊರತು ಕುರ್ಚಿ ಬಿಟ್ಟೇಳಲಿಲ್ಲ. ಮತ್ತೆ ಆಟದಲ್ಲಿ ಮುಳುಗಿದರು.

ಅವಳಿಗೆ ಸೋಮವಾರದವರೆಗೆ ತಡೆಯಲಾಗಲಿಲ್ಲ. ತನ್ನ ಜಾಗಕ್ಕೆ ಬಂದು ಹೊಸ ಫೈಲು ತೆರೆದಳು. ಬರೀ ಬೂದು ಬಯಲು. ಒಂದು ಗಳಿಗೆ ಕೈಕಟ್ಟಿ ಕೂತಳು. ಆಮೇಲೆ ಬಲಗಡೆಯಿದ್ದ ಮೌಸನ್ನು ಎತ್ತಿ ಕೀಬೋರ್ಡಿನ ಮೇಲಿನಿಂದ ಆ ಕಡೆಗೆ ದಾಟಿಸಿದಳು. ವೈರು ಸಾಲಲಿಲ್ಲ. ಮೇಜಿನ ಕೆಳಗೆ ತೂರಿ, ಕತ್ತಲಲ್ಲಿ ತಡಕಾಡಿ, ಅದನ್ನು ಕಿತ್ತು ಇನ್ನೊಂದು ಬದಿಗೆ ಚುಚ್ಚಿದಳು. ಮಂಡಿಯ ಧೂಳು ಕೊಡವಿಕೊಂಡು ಮೇಲೆದ್ದು, ಎಡಗಡೆಯಿದ್ದ ನೀರಿನ ಬಾಟಲಿಯನ್ನು ಸರಿಸಿ, ಅಂಗೈ ಆಡುವಷ್ಟು ಜಾಗ ಮಾಡಿದಳು.